ಓದು ಮುಗಿಸಿ ಆಟಕ್ಕೆ ಮರಳಿದವರು

ನಮ್ಮ ಗೋರೆಗಾಂವ್ ವಾಚನಾಲಯಕ್ಕೆ ಬರುವ ತರುಣರಲ್ಲಿ ಹಲವರು ಹಗಲು ದುಡಿದು ರಾತ್ರಿ ಓದುವವರು. ಭಾನುವಾರ ಮೈದಾನದಲ್ಲಿ ಕ್ರಿಕೆಟ್ ಆಡುವವರೂ ಅವರೇ. ಆಟವೋ ಓದೋ ಎಂಬ ಪ್ರಶ್ನೆ ಅವರಿಗೆ ಹೊಸದಲ್ಲ. ಇದೇ ಪ್ರಶ್ನೆ ಭಾರತ ತಂಡದ ಬಾಗಿಲಲ್ಲಿಯೇ ಎದುರಾದ ಕನ್ನಡಿಗರೊಬ್ಬರಿದ್ದಾರೆ. ಅವರು ಶ್ರೀ ಎರಪಳ್ಳಿ ಪ್ರಸನ್ನ.

1940ರ ಮೇ 22ರಂದು ಬೆಂಗಳೂರಿನಲ್ಲಿ ಜನಿಸಿದ ಪ್ರಸನ್ನರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗಲೇ ಭಾರತ ತಂಡಕ್ಕೆ ಆಯ್ಕೆಯಾದರು. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಅವರಿಗೆ 21 ವರ್ಷ. ಬೆನ್ನಲ್ಲೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಕರೆ ಬಂತು. ಮಗನನ್ನು ಕಳುಹಿಸಲು ತಂದೆಗೆ ಮನಸ್ಸಿರಲಿಲ್ಲ. ಹಿಂದಿರುಗಿ ಪದವಿ ಮುಗಿಸಬೇಕೆಂಬ ಮಾತಿನ ಮೇಲೆ ಒಪ್ಪಿದರು. ಆದರೆ ಮಗ ಪ್ರವಾಸದಿಂದ ಬರುವಷ್ಟರಲ್ಲಿ ತಂದೆ ತೀರಿಕೊಂಡಿದ್ದರು.

ಮಾತು ಕೇಳುವವರು ಇಲ್ಲವಾದರೂ ಮಾತು ಉಳಿಯಿತು. ಪ್ರಸನ್ನರು ಕಾಲೇಜಿಗೆ ಮರಳಿ ಪದವಿ ಪಡೆದರು. ಮುಂದಿನ ಟೆಸ್ಟ್ ಆಡಲು ಅವರು 1967ರ ಜನವರಿಯವರೆಗೆ ಕಾಯಬೇಕಾಯಿತು. ಆಟಗಾರನ ಬಾಳಿನಲ್ಲಿ ಐದು ವರ್ಷ ಸಣ್ಣ ಅವಧಿಯಲ್ಲ.

ಅವರದು ಆಫ್ ಸ್ಪಿನ್. ಬಲಗೈ ಆಟಗಾರನಿಗೆ ಹೊರಗಿನಿಂದ ಒಳಕ್ಕೆ ತಿರುಗುವ ಚೆಂಡು. ಅವರ ಗುಟ್ಟು ನೆಲದ ತಿರುವಿಗಿಂತ ಗಾಳಿಯಲ್ಲಿನ ಹಾರಾಟದಲ್ಲಿತ್ತು. ಬೆರಳಿನಿಂದ ಬಲವಾಗಿ ತಿರುಗಿಸಿ ಮೇಲಕ್ಕೆ ಬಿಟ್ಟ ಚೆಂಡು ಕಾಲ ಬಳಿಯೇ ಬೀಳುವಂತೆ ತೋರುತ್ತಿತ್ತು. ಕೊನೆಯಲ್ಲಿ ಥಟ್ಟನೆ ಇಳಿದು ಅದಕ್ಕಿಂತ ಮೊದಲೇ ನೆಲ ಮುಟ್ಟುತ್ತಿತ್ತು. ಹೊಡೆಯಲು ಮುಂದೆ ಬಂದವನು ಸಿಕ್ಕಿಬೀಳುತ್ತಿದ್ದನು.

1967-68ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ಎಂಟು ಟೆಸ್ಟ್‌ಗಳಲ್ಲಿ ಅವರು 49 ವಿಕೆಟ್ ಪಡೆದರು. ಭಾರತ ಪರದೇಶದಲ್ಲಿ ಮೊದಲ ಸರಣಿ ಗೆದ್ದುದು ಆಗಲೇ, ನ್ಯೂಜಿಲೆಂಡಿನಲ್ಲಿ. 20 ಟೆಸ್ಟ್‌ಗಳಲ್ಲಿ 100 ವಿಕೆಟ್ ಮುಟ್ಟಿದ ಅವರ ವೇಗವನ್ನು ಭಾರತೀಯರಲ್ಲಿ ಮೀರಿದವರು ಆರ್. ಅಶ್ವಿನ್, 2013ರಲ್ಲಿ. 1970ರಲ್ಲಿ ಪದ್ಮಶ್ರೀ ಬಂತು. 1978ರಲ್ಲಿ ಕೊನೆಯ ಟೆಸ್ಟ್ ಆಡಿದಾಗ ಒಟ್ಟು 49 ಟೆಸ್ಟ್, 189 ವಿಕೆಟ್.

ಮುಂಬಯಿಯಲ್ಲಿರುವ ನಮಗೆ 1974ರ ಮಾರ್ಚ್ ತಿಂಗಳು ವಿಶೇಷವಾದುದು. ರಣಜಿ ಟ್ರೋಫಿಯನ್ನು ಸತತ 15 ವರ್ಷ ಗೆದ್ದಿದ್ದ ಬೊಂಬಾಯಿ ತಂಡವನ್ನು ಪ್ರಸನ್ನರ ನಾಯಕತ್ವದ ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿತು. ಗಾವಸ್ಕರರನ್ನು ಬೌಲ್ಡ್ ಮಾಡಿದವರು ಪ್ರಸನ್ನರೇ. ಬಳಿಕ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಪಡೆಯಿತು. 1977-78ರಲ್ಲಿ ಅವರ ನಾಯಕತ್ವದಲ್ಲೇ ಮತ್ತೆ ಗೆದ್ದಿತು. ಆಟ ನಿಲ್ಲಿಸಿದ ಮೇಲೆ, 1985ರಲ್ಲಿ ಆಸ್ಟ್ರೇಲಿಯದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಭಾರತ ತಂಡಕ್ಕೆ ಅವರು ಮ್ಯಾನೇಜರ್ ಆಗಿದ್ದರು.

ಓದಿಗಾಗಿ ಆಟ ಬಿಟ್ಟವರಿಗೆಲ್ಲ ಆಟ ಮತ್ತೆ ಸಿಗುತ್ತದೆಂದು ಹೇಳಲಾರೆ. ಪ್ರಸನ್ನರಿಗೂ ಆ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಟೆಸ್ಟ್ ಬಾಗಿಲು ತೆರೆಯದಿದ್ದರೂ ಪದವಿ ಅವರ ಕೈಯಲ್ಲಿರುತ್ತಿತ್ತು. ಓವರ್‌ಟೈಮಿನ ಆಸೆಗೋ ಪಂದ್ಯದ ಆಸೆಗೋ ಪರೀಕ್ಷೆಯನ್ನು "ಬರುವ ವರ್ಷ ನೋಡೋಣ" ಎಂದು ಮುಂದೂಡುವ ತಮ್ಮಂದಿರು ಇದನ್ನು ಯೋಚಿಸಬೇಕು. ಪರೀಕ್ಷೆಯ ಫಾರಂ ತುಂಬಲು ನೆರವು ಬೇಕಾದವರು ಸಂಜೆ ವಾಚನಾಲಯಕ್ಕೆ ಬರಲಿ. ನಮ್ಮಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತೇವೆ.