ಕೆಲಸದ ದರ್ಜೆ ಮತ್ತು ನ್ಯಾಯಯುತ ವೇತನ: ಬೆಂಗಳೂರು ಹೊರವಲಯದ ಉದ್ಯೋಗಿಗಳ ಮಾಹಿತಿಗಾಗಿ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಅದಕ್ಕೆ ಹೊಂದಿಕೊಂಡ ಬೊಮ್ಮಸಂದ್ರ, ಜಿಗಣಿ ಪ್ರದೇಶಗಳಲ್ಲಿ ದುಡಿಯುವವರಿಗೆ ತಿಂಗಳ ಕೊನೆಯಲ್ಲಿ ಕೈಸೇರುವ ಮೊತ್ತ ತಿಳಿದಿರುತ್ತದೆ. ಆ ಮೊತ್ತವು ಯಾವ ದರ್ಜೆಯ ಕೆಲಸಕ್ಕೆ ನಿಗದಿಯಾದುದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಅಧಿಸೂಚನೆಯಲ್ಲಿನ ದರವನ್ನೇ ಪಾವತಿಸುತ್ತಿದ್ದರೂ ಕೆಲಸವನ್ನು ಕೆಳದರ್ಜೆಯಲ್ಲಿ ತೋರಿಸಿದ್ದಲ್ಲಿ ವೇತನ ಕಡಿಮೆಯಾಗಿಯೇ ಇರುತ್ತದೆ. ಆದುದರಿಂದ ವೇತನ ಕುರಿತು ಅರ್ಜಿ ಸಲ್ಲಿಸುವ ಮೊದಲು ಅರ್ಜಿದಾರರು ತಮ್ಮ ಕೆಲಸದ ದರ್ಜೆಯನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

ದರ್ಜೆ ನಿರ್ಧಾರವಾಗುವ ಬಗೆ

ದರ್ಜೆಯು ಕೆಲಸಕ್ಕೆ ಸೇರಿದ್ದೇ ಹೊರತು ವ್ಯಕ್ತಿಗಾಗಲಿ, ಹುದ್ದೆಯ ಹೆಸರಿಗಾಗಲಿ ಸೇರಿದ್ದಲ್ಲ. ದಿನಾಂಕ 21-11-2025ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019ರ ಪ್ರಕಾರ ಕನಿಷ್ಠ ವೇತನವನ್ನು ನಿಗದಿಪಡಿಸುವಾಗ ಮುಖ್ಯವಾಗಿ ಕೆಲಸಕ್ಕೆ ಬೇಕಾಗುವ ಕೌಶಲ್ಯವನ್ನು, ಅಂದರೆ ಅಕುಶಲ, ಅರೆಕುಶಲ, ಕುಶಲ ಮತ್ತು ಅತಿ ಕುಶಲ ಎಂಬ ನಾಲ್ಕು ವರ್ಗಗಳನ್ನು, ಅಥವಾ ಕೆಲಸ ನಡೆಯುವ ಭೌಗೋಳಿಕ ಪ್ರದೇಶವನ್ನು, ಅಥವಾ ಇವೆರಡನ್ನೂ ಪರಿಗಣಿಸಲಾಗುತ್ತದೆ. ಇದರೊಂದಿಗೆ ಅತಿಯಾದ ಶಾಖ, ತೇವಾಂಶ, ಅಪಾಯಕಾರಿ ಪ್ರಕ್ರಿಯೆ ಮುಂತಾಗಿ ಕೆಲಸದ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾಗಿದೆ. ಹಿಂದೆ ಜಾರಿಯಲ್ಲಿದ್ದ ಕನಿಷ್ಠ ವೇತನಗಳ ಅಧಿನಿಯಮ, 1948 ಅನುಸೂಚಿತ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಸಂಹಿತೆಯಲ್ಲಿ ಆ ಮಿತಿ ಇಲ್ಲ. ಹಳೆಯ ಅಧಿನಿಯಮದಡಿ ಹೊರಡಿಸಲಾದ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗಿಲ್ಲದಷ್ಟರ ಮಟ್ಟಿಗೆ ಮುಂದುವರಿಯುತ್ತವೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪೀಣ್ಯದ ಯಂತ್ರಭಾಗ ತಯಾರಿಕಾ ಘಟಕವೊಂದಕ್ಕೆ ಒಬ್ಬರು ಹೆಲ್ಪರ್ ಎಂದು ಸೇರಿರುತ್ತಾರೆ. ಆರಂಭದಲ್ಲಿ ಸರಕು ಎತ್ತಿಡುವುದು, ಲೋಹದ ಚೂರು ಗುಡಿಸುವುದು ಅವರ ಕೆಲಸ. ವರ್ಷ ಕಳೆಯುವುದರೊಳಗೆ ಅವರೇ ಲೇತ್ ಯಂತ್ರಕ್ಕೆ ಜಾಬ್ ಕಟ್ಟಿ, ಅಳತೆ ನೋಡಿ, ಟೂಲ್ ಬದಲಿಸುತ್ತಿರುತ್ತಾರೆ. ಹಾಜರಾತಿ ಪುಸ್ತಕದಲ್ಲಿ ಮಾತ್ರ ಹೆಲ್ಪರ್ ಎಂದೇ ಉಳಿದಿರುತ್ತದೆ. ಇಲ್ಲಿ ನೋಡಬೇಕಾದುದು ನೇಮಕಾತಿ ಪತ್ರದ ಪದವನ್ನಲ್ಲ, ಕೈ ಮಾಡುತ್ತಿರುವ ಕೆಲಸವನ್ನು. ದಿನದ ಅರ್ಧ ಭಾಗ ಯಂತ್ರದ ಮೇಲೂ ಉಳಿದರ್ಧ ಸರಕು ಸಾಗಣೆಯಲ್ಲೂ ಕಳೆಯುತ್ತಿದ್ದರೆ, ಆಯಾ ಕೆಲಸಕ್ಕೆ ತಗಲುವ ಸಮಯಕ್ಕೆ ಆಯಾ ವರ್ಗದ ಕನಿಷ್ಠ ದರಕ್ಕೆ ಕಡಿಮೆ ಇಲ್ಲದಂತೆ ಪಾವತಿಸಬೇಕೆಂದು ಸಂಹಿತೆಯು ವಿಧಿಸುತ್ತದೆ. ಈ ನಿಯಮ 1948ರ ಅಧಿನಿಯಮದಲ್ಲಿಯೂ ಇತ್ತು. ಬಳಕೆಗೆ ಬಂದದ್ದು ಮಾತ್ರ ವಿರಳ.

ಪುರುಷ ಮತ್ತು ಮಹಿಳಾ ಉದ್ಯೋಗಿಗಳ ನಡುವೆ ಹೋಲಿಕೆ ಮಾಡುವಾಗಲೂ ಇದೇ ತತ್ವ ಅನ್ವಯವಾಗುತ್ತದೆ. ಬೇಕಾಗುವ ಕೌಶಲ್ಯ, ಶ್ರಮ, ಅನುಭವ ಮತ್ತು ಹೊಣೆಗಾರಿಕೆ ಒಂದೇ ಆಗಿದ್ದು, ಕೆಲಸದ ಪರಿಸ್ಥಿತಿ ಸಮಾನವಾಗಿದ್ದಲ್ಲಿ ಅದು ಒಂದೇ ಸ್ವರೂಪದ ಕೆಲಸ. ಲಿಂಗದ ಆಧಾರದ ಮೇಲೆ ಅದಕ್ಕೆ ಬೇರೆ ವೇತನ ನೀಡುವಂತಿಲ್ಲ. ಪ್ಯಾಕಿಂಗ್ ಮೇಜಿನ ಬಳಿ ಕುಳಿತು ಬಿಡಿಭಾಗಗಳ ದೋಷ ಪತ್ತೆ ಮಾಡುವ ಮಹಿಳೆಯರ ಕೆಲಸವನ್ನು ‘ಹಗುರ ಕೆಲಸ’ ಎಂದು ಕೆಳಗಿಳಿಸುವ ರೂಢಿ ಇರುವಲ್ಲಿ, ಆ ಕೆಲಸಕ್ಕೆ ಬೇಕಾದ ದೃಷ್ಟಿಯ ಏಕಾಗ್ರತೆ ಹಾಗೂ ತಪ್ಪಿಗೆ ಹೊರಬೇಕಾದ ಹೊಣೆಯನ್ನು ಅರ್ಜಿಯಲ್ಲಿ ವಿವರಿಸುವುದು ಸೂಕ್ತ.

ಒಂದೇ ಪ್ರದೇಶ, ಹಲವು ಶ್ರೇಣಿಗಳು

ಹೋಲಿಸಬಹುದಾದ ಕೆಲಸಕ್ಕೆ ಹೋಲಿಸಬಹುದಾದ ವೇತನ ಎಂಬ ಪ್ರಶ್ನೆ ಬೆಂಗಳೂರಿಗೆ ಹೊಸತಲ್ಲ. 1980ರ ಡಿಸೆಂಬರ್‌ನಲ್ಲಿ ಎಚ್.ಎ.ಎಲ್., ಎಚ್.ಎಂ.ಟಿ., ಬಿ.ಇ.ಎಲ್., ಐ.ಟಿ.ಐ. ಮತ್ತು ಬಿ.ಇ.ಎಂ.ಎಲ್. ಕಾರ್ಮಿಕರು ಆರಂಭಿಸಿದ ಮುಷ್ಕರ 1981ರ ಮಾರ್ಚ್‌ವರೆಗೆ, 77 ದಿನಗಳ ಕಾಲ ನಡೆಯಿತು. ಸಾರ್ವಜನಿಕ ವಲಯದ್ದೇ ಆದ ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ವೇತನ ದೊರೆಯಬೇಕೆಂಬುದು ಅವರ ಬೇಡಿಕೆಯಾಗಿತ್ತು.

ಇಂದಿಗೂ ಒಬ್ಬರ ಶ್ರೇಣಿ ಯಾರು ನಿಗದಿಪಡಿಸುತ್ತಾರೆ ಎಂಬುದು ಅವರ ನಿಯೋಜಕರನ್ನು ಅವಲಂಬಿಸಿದೆ. ರಾಜ್ಯ ವಿಶ್ವವಿದ್ಯಾಲಯದ ಖಾಯಂ ಬೋಧಕೇತರ ನೌಕರರಿಗೆ ರಾಜ್ಯ ಸರ್ಕಾರದ ವೇತನ ಶ್ರೇಣಿಗಳು ಅನ್ವಯಿಸುತ್ತವೆ. 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ ದಿನಾಂಕ 01-08-2024ರಿಂದ ಈ ಶ್ರೇಣಿಗಳ ಕನಿಷ್ಠ ಮೂಲವೇತನ ರೂ. 27,000 ಆಗಿದೆ. ಅದೇ ಆವರಣದಲ್ಲಿ ಗುತ್ತಿಗೆದಾರರ ಮೂಲಕ ನೇಮಕಗೊಂಡ ಸ್ವಚ್ಛತಾ ಸಿಬ್ಬಂದಿಗೆ ಅಥವಾ ಕಾವಲುಗಾರರಿಗೆ ಆ ಶ್ರೇಣಿ ತಾನಾಗಿಯೇ ದೊರೆಯುವುದಿಲ್ಲ; ಅವರಿಗೆ ಕನಿಷ್ಠ ವೇತನ ಅಧಿಸೂಚನೆಯೇ ಆಧಾರ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಹೌಸ್‌ಕೀಪಿಂಗ್ ಮಾಡುವವರ ಸ್ಥಿತಿಯೂ ಇದೇ. ಸಂಸ್ಥೆಯೊಳಗಿನ ಗ್ರೇಡು, ಬ್ಯಾಂಡುಗಳು ಆ ಸಂಸ್ಥೆಯ ಆಂತರಿಕ ವಿಷಯವಾಗಿದ್ದು, ಅವು ಕನಿಷ್ಠ ದರಕ್ಕಿಂತ ಕೆಳಗಿಳಿಯುವಂತಿಲ್ಲ. ಗುತ್ತಿಗೆದಾರರು ವೇತನ ಪಾವತಿಸಲು ವಿಫಲರಾದಲ್ಲಿ ಆ ಹೊಣೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಮೇಲೆ ಬೀಳುತ್ತದೆ.

ಪ್ರದೇಶದ ವಿಷಯದಲ್ಲಿ ಎಚ್ಚರ ಅಗತ್ಯ. ಅಧಿಸೂಚನೆಗಳಲ್ಲಿ ರಾಜ್ಯವನ್ನು ವಲಯಗಳಾಗಿ ವಿಂಗಡಿಸಲಾಗಿದ್ದು, ನಗರದ ಎಲ್ಲೆಯ ಒಳಗೆ ಹಾಗೂ ಹೊರಗೆ ಒಂದೇ ಕೆಲಸಕ್ಕೆ ಬೇರೆ ಬೇರೆ ದರ ಇರಬಹುದು. ಆನೇಕಲ್ ತಾಲ್ಲೂಕಿನಲ್ಲಿ ವಾಸವಿದ್ದು ನಗರದ ಮಿತಿಯೊಳಗೆ ದುಡಿಯುವವರು, ಅಥವಾ ಇದಕ್ಕೆ ತದ್ವಿರುದ್ಧವಾಗಿ ಇರುವವರು, ಕೆಲಸದ ಸ್ಥಳ ಸೇರಿದ ವಲಯವನ್ನು ನೋಡಬೇಕು. ಮನೆಯ ವಿಳಾಸವನ್ನಾಗಲಿ, ಕಂಪನಿಯ ಪ್ರಧಾನ ಕಚೇರಿಯನ್ನಾಗಲಿ ಅಲ್ಲ.

ದರದ ಹಿಂದಿನ ಲೆಕ್ಕ

ದರವನ್ನು ಊಹೆಯಿಂದ ಬರೆಯಲಾಗುವುದಿಲ್ಲ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಒಂದು ಕುಟುಂಬವನ್ನು ಮೂರು ಬಳಕೆ ಘಟಕಗಳೆಂದು ಎಣಿಸಿ, ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ ಮತ್ತಿತರ ವೆಚ್ಚಕ್ಕಾಗಿ ಶೇ. 20 ಎಂಬ ಮಾನದಂಡ ನೀಡಿತು. 1991ರ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ವೃದ್ಧಾಪ್ಯ ಮುಂತಾದವುಗಳಿಗೆ ಶೇ. 25ನ್ನು ಸೇರಿಸಿತು. ದರ ಪರಿಷ್ಕರಣೆಯ ಪ್ರಸ್ತಾವವನ್ನು ಪ್ರಕಟಿಸಿದಾಗ ಬಾಧಿತರು ಅಹವಾಲು ಸಲ್ಲಿಸಲು ಕನಿಷ್ಠ ಎರಡು ತಿಂಗಳ ಅವಕಾಶವಿರುತ್ತದೆ. ತಮ್ಮ ಕೆಲಸ ತಪ್ಪು ವರ್ಗದಲ್ಲಿ ಸೇರಿದೆ ಎನ್ನುವವರು ಲಿಖಿತವಾಗಿ ತಿಳಿಸಲು ಅದೇ ಸಕಾಲ.

ತಿಂಗಳಿಗೆ ರೂ. 1,000 ಕೊರತೆ ಸಣ್ಣದೆಂದು ತೋರಬಹುದು. ಎರಡು ವರ್ಷಕ್ಕೆ ಅದು ರೂ. 24,000. ಓವರ್‌ಟೈಮ್ ಕೆಲಸಕ್ಕೆ ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆ ಇಲ್ಲದಂತೆ ಪಾವತಿಸಬೇಕಾದುದರಿಂದ ಅಲ್ಲಿಯೂ ನಷ್ಟ ಇಮ್ಮಡಿಯಾಗುತ್ತದೆ. ಹತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗುವಾಗ ಉಪದಾನದ ಲೆಕ್ಕದಲ್ಲಿ ಸುಮಾರು ರೂ. 5,770 ಕಡಿಮೆಯಾಗುತ್ತದೆ.

ಅರ್ಜಿ ಸಲ್ಲಿಕೆ

ಕಡಿಮೆ ಪಾವತಿ ಕುರಿತ ಕ್ಲೇಮು ಅರ್ಜಿಯನ್ನು ಉದ್ಯೋಗಿ ತಾವೇ ಅಥವಾ ತಾವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ, ಕ್ಲೇಮು ಉದ್ಭವಿಸಿದ ದಿನದಿಂದ ಮೂರು ವರ್ಷಗಳೊಳಗೆ ಸಲ್ಲಿಸಬಹುದು. 1948ರ ಅಧಿನಿಯಮದಲ್ಲಿ ಈ ಅವಧಿ ಆರು ತಿಂಗಳು ಮಾತ್ರ ಇತ್ತು. ಪ್ರಾಧಿಕಾರವು ಕೊರತೆ ಮೊತ್ತದೊಂದಿಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ನೀಡುವಂತೆ ಆದೇಶಿಸಬಹುದಾಗಿದೆ. ಬಾಕಿ ಪಾವತಿಸಲಾಗಿದೆ ಎಂಬುದನ್ನು ರುಜುವಾತುಪಡಿಸುವ ಹೊಣೆ ನಿಯೋಜಕರದು.

ಆದರೂ ಕೆಲಸದ ಸ್ವರೂಪವನ್ನು ತೋರಿಸುವ ದಾಖಲೆಗಳು ಅರ್ಜಿದಾರರ ಬಳಿ ಇದ್ದರೆ ವಿಚಾರಣೆ ಸುಲಭವಾಗುತ್ತದೆ: ವೇತನ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಗುರುತಿನ ಚೀಟಿ, ಪಾಳಿಯ ಪಟ್ಟಿ, ಯಂತ್ರದ ಉತ್ಪಾದನಾ ಚೀಟಿಯಲ್ಲಿ ತಮ್ಮ ಹೆಸರಿರುವ ಪ್ರತಿ. ಐ.ಟಿ.ಐ. ಪ್ರಮಾಣಪತ್ರ ಇದ್ದಲ್ಲಿ ಲಗತ್ತಿಸಬಹುದು. ಅದಿಲ್ಲವೆಂಬ ಕಾರಣಕ್ಕೆ ಕುಶಲ ಕೆಲಸ ಅಕುಶಲವಾಗುವುದಿಲ್ಲ. ತಾವು ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವನ್ನು, ಬಳಸುವ ಯಂತ್ರ ಹಾಗೂ ಉಪಕರಣಗಳ ಹೆಸರಿನೊಂದಿಗೆ, ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು ಲಗತ್ತಿಸತಕ್ಕದ್ದು. ವ್ಯಾಪ್ತಿಯ ಕಾರ್ಮಿಕ ಅಧಿಕಾರಿ ಯಾರೆಂಬುದರ ವಿವರಕ್ಕೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು.