ಜೆಲ್ಲಿ ಮಾರಿದ ಪುಟ್ಟ ಹುಡುಗಿ

ಅಂಗಡಿಯ ಮುಂದೆ ನಿಂತ ಮಗು ಹಟ ಹಿಡಿದಿದೆ. "ನನಗೆ ಅದೇ ಬೇಕು!" ಮಗುವಿಗಿನ್ನೂ ಓದಲು ಬಾರದು. ತಿನಿಸಿನ ಹೆಸರೂ ಗೊತ್ತಿಲ್ಲ. ಗೊತ್ತಿರುವುದು ಪೊಟ್ಟಣದ ಮೇಲೆ ನಗುತ್ತಿರುವ ಸಿಂಹದ ಮರಿ ಮಾತ್ರ. ಅದು ಮಗುವಿನ ಗೆಳೆಯ. ಗೆಳೆಯ ಕೊಟ್ಟದ್ದು ರುಚಿಯಾಗಿರಲೇಬೇಕಲ್ಲ!

ಇಂಥ ಗೆಳೆಯರನ್ನು ಸೃಷ್ಟಿಸುವ ಕಲೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1897ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಪರ್ಲ್ ವೇಟ್ ಎಂಬಾತ ಹಣ್ಣಿನ ಸ್ವಾದದ ಜೆಲ್ಲಿ ಪುಡಿ ತಯಾರಿಸಿದ. ಹೆಂಡತಿ ಮೇ ಅದಕ್ಕೆ 'ಜೆಲ್-ಓ' ಎಂದು ಹೆಸರಿಟ್ಟಳು. ಆದರೆ ಮಾರುವ ವಿದ್ಯೆ ವೇಟ್‌ಗೆ ಒಲಿಯಲಿಲ್ಲ. 1899ರಲ್ಲಿ ಅದೇ ಊರಿನ ಒರೇಟರ್ ವುಡ್‌ವರ್ಡ್‌ಗೆ ಕೇವಲ 450 ಡಾಲರ್‌ಗೆ ಹಕ್ಕನ್ನು ಮಾರಿಬಿಟ್ಟ.

1904ರಲ್ಲಿ 'ಜೆಲ್-ಓ ಹುಡುಗಿ' ಜಾಹೀರಾತಿಗೆ ಬಂದಳು. ಜಾಹೀರಾತು ಕಲಾವಿದ ಫ್ರಾಂಕ್ಲಿನ್ ಕಿಂಗ್‌ನ ಪುಟ್ಟ ಮಗಳು ಎಲಿಜಬೆತ್‌ಳೇ ಅದಕ್ಕೆ ಮಾದರಿ. ಚಿತ್ರದಲ್ಲಿ ಆಕೆ ಆಟಿಕೆಗಳ ಬದಲು ಜೆಲ್ಲಿ ಪೊಟ್ಟಣಗಳೊಂದಿಗೆ ಆಡುತ್ತಿದ್ದಳು. ಮುಂದೆ ರೋಸ್ ಓನೀಲ್ ಎಂಬ ಹೆಸರಾಂತ ಚಿತ್ರಕಾರ್ತಿ ಈ ಹುಡುಗಿಯನ್ನು ತನ್ನ ಕುಂಚದಿಂದ ಬೆಳೆಸಿದಳು. 1909ರಲ್ಲಿ ಪತ್ರಿಕೆಯಲ್ಲಿ ಕಾಣಿಸಿಕೊಂಡು ಮನೆಮಾತಾದ 'ಕ್ಯೂಪಿ' ಗೊಂಬೆಗಳೂ ಆಕೆಯವೇ. ಸಕ್ಕರೆಯೇ ಮುಖ್ಯವಾದ ಪುಡಿಗೆ ಹೀಗೆ ಒಂದು ಮುದ್ದು ಮುಖ ದೊರಕಿತು.

ಮುದ್ದು ಮುಖದ ಗುಟ್ಟೇನು? ದೊಡ್ಡ ತಲೆ, ಅಗಲ ಹಣೆ, ಬಟ್ಟಲುಗಣ್ಣು, ಉಬ್ಬಿದ ಕೆನ್ನೆ, ಗಿಡ್ಡ ಕೈಕಾಲು. ಎಳೆಯ ಮಗುವಿನ ಈ ಲಕ್ಷಣಗಳನ್ನು ಕಂಡೊಡನೆ ನಮ್ಮಲ್ಲಿ ಅಕ್ಕರೆ ಉಕ್ಕುತ್ತದೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆಂಜ್ 1943ರಲ್ಲಿ ವಿವರಿಸಿದ. ಮಗುವೇ ಸ್ಲೇಟಿನ ಮೇಲೆ ಗೀಚಬಹುದಾದಷ್ಟು ಸರಳ ಗೆರೆ, ಬಾಯಲ್ಲಿ ನಿಲ್ಲುವ ಪುಟ್ಟ ಹೆಸರು, ತುಂಟತನವೋ ಧೈರ್ಯವೋ ಒಂದೇ ಒಂದು ಸ್ವಭಾವ: ಇಷ್ಟಿದ್ದರೆ ಪಾತ್ರಕ್ಕೆ ಜೀವ ಬಂದಂತೆಯೇ. 1966ರಲ್ಲಿ ಹುಟ್ಟಿದ ನಮ್ಮ ಅಮುಲ್ ಬೆಣ್ಣೆಯ ಹುಡುಗಿ ಇಂದಿಗೂ ಅದೇ ಚುಕ್ಕಿ ಫ್ರಾಕಿನಲ್ಲಿ ನಗಿಸುತ್ತಿರುವುದು ಇದಕ್ಕೆ ಸಾಕ್ಷಿ.

ಆದರೆ ಈ ಗೆಳೆತನ ನಾಲಿಗೆಯನ್ನೂ ಏಮಾರಿಸಬಲ್ಲದು! ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 6 ವರ್ಷದ 40 ಮಕ್ಕಳಿಗೆ ಬಿಸ್ಕತ್ತು, ಜೆಲ್ಲಿ ಮಿಠಾಯಿ ಹಾಗೂ ಕ್ಯಾರೆಟ್ ಕೊಟ್ಟರು. ಪ್ರತಿಯೊಂದೂ ಎರಡೆರಡು ಪೊಟ್ಟಣ. ಒಂದರ ಮೇಲೆ ಮಾತ್ರ ಕಾರ್ಟೂನ್ ಚಿತ್ರ. ಒಳಗಿದ್ದುದು ಒಂದೇ ತಿನಿಸಾದರೂ ಚಿತ್ರವಿದ್ದುದೇ ಹೆಚ್ಚು ರುಚಿ ಎಂದರು ಬಹಳಷ್ಟು ಮಕ್ಕಳು. ಕ್ಯಾರೆಟ್‌ನ ವಿಷಯದಲ್ಲಿ ಮಾತ್ರ ಚಿತ್ರದ ಜಾದು ಅಷ್ಟಾಗಿ ನಡೆಯಲಿಲ್ಲ. ಈ ಅಧ್ಯಯನ ಪ್ರಕಟವಾದದ್ದು 2010ರಲ್ಲಿ.

ಆದ್ದರಿಂದಲೇ ಚಿಲಿ ದೇಶ 2016ರಲ್ಲಿ ಸಕ್ಕರೆ, ಕೊಬ್ಬು, ಉಪ್ಪು ಮಿತಿಮೀರಿದ ತಿನಿಸುಗಳ ಪೊಟ್ಟಣದಿಂದ ಮಕ್ಕಳನ್ನು ಸೆಳೆಯುವ ಪಾತ್ರಗಳನ್ನು ಇಳಿಸಿತು. ಭಾರತದಲ್ಲೂ 2022ರ ಮಾರ್ಗಸೂಚಿ, ಮಕ್ಕಳ ಕಾರ್ಯಕ್ರಮಗಳ ನಡುವೆ ಜಂಕ್ ತಿನಿಸಿನ ಜಾಹೀರಾತು ಕೂಡದು ಎನ್ನುತ್ತದೆ.

ಹಾಗೆಂದು ಬಣ್ಣದ ಪೆನ್ಸಿಲನ್ನು ಕೆಳಗಿಡಬೇಕಿಲ್ಲ. ಚಿತ್ರಕಲೆಯಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ವೃತ್ತಿ. ಆದರೆ ತಾನು ಬರೆದ ಗೊಂಬೆಯ ಮಾತನ್ನು ಮಗು ನಂಬುತ್ತದೆ ಎಂಬ ಎಚ್ಚರ ಕಲಾವಿದನಿಗೆ ಇರಬೇಕು.

ತಂದೆ ತಾಯಿಯರು ಮನೆಯಲ್ಲೇ ಒಂದು ಆಟ ಆಡಿಸಬಹುದು. ಒಂದೇ ಪಾತ್ರೆಯ ಪಾಯಸವನ್ನು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಗೊಂಬೆಯ ಚಿತ್ರ ಅಂಟಿಸಿ. ಯಾವುದು ರುಚಿ ಎಂದು ಮಗುವನ್ನು ಕೇಳಿ. ಉತ್ತರ ಬಂದ ಮೇಲೆ ಗುಟ್ಟು ಹೇಳಿ, ಒಟ್ಟಿಗೆ ನಕ್ಕುಬಿಡಿ. ಮುಂದಿನ ಸಲ ಅಂಗಡಿಗೆ ಹೋದಾಗ ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದುವುದನ್ನೂ ಮಗುವಿಗೆ ಕಲಿಸಿ. ಗೊಂಬೆ ನಗುವುದು ಮುಂಬದಿಯಲ್ಲಿ. ಸಕ್ಕರೆಯ ಲೆಕ್ಕ ಇರುವುದು ಹಿಂಬದಿಯಲ್ಲಿ.