ಅಡಿಕೆ ನೆರಳಿನ ಚಾಕೊಲೇಟ್ ಊರು: ಪುತ್ತೂರು

ದಕ್ಷಿಣ ಕನ್ನಡದ ತಾಲ್ಲೂಕು ಕೇಂದ್ರವಾದ ಪುತ್ತೂರು ಮಂಗಳೂರಿನಿಂದ ಸುಮಾರು 50 ಕಿ.ಮೀ. ಒಳನಾಡಿನಲ್ಲಿದೆ. ಕರಾವಳಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಕಡಲತೀರ ನೋಡಿ, ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹೋಗಿ ಊರಿಗೆ ಮರಳುತ್ತಾರೆ. ಪುತ್ತೂರಿನಲ್ಲಿ ಕಡಲೂ ಇಲ್ಲ, ರೆಸಾರ್ಟುಗಳ ಸಾಲೂ ಇಲ್ಲ. ಗುಡ್ಡಗಳ ನಡುವಿನ ತಗ್ಗಿನಲ್ಲೆಲ್ಲ ಅಡಿಕೆ ತೋಟ, ತೋಟದೊಳಗೆ ಕಾಳುಮೆಣಸಿನ ಬಳ್ಳಿ, ಬಾಳೆ, ಅವುಗಳ ಜೊತೆಗೆ ಕೊಕ್ಕೊ. ಪೇಟೆಗೆ ಹೊಂದಿಕೊಂಡ ಕೆಮ್ಮಿಂಜೆಯಲ್ಲಿ ಆ ಕೊಕ್ಕೊವನ್ನು ಚಾಕೊಲೇಟ್ ಮಾಡುವ ಕಾರ್ಖಾನೆಯಿದೆ. ಅದರ ಒಡೆಯರು ಅಡಿಕೆ ಮತ್ತು ಕೊಕ್ಕೊ ಬೆಳೆಗಾರರೇ. ಬೀಜ ಬೆಳೆಯುವ ಊರೇ ಚಾಕೊಲೇಟನ್ನೂ ತಯಾರಿಸುವುದು ಪ್ರಪಂಚದ ಕೊಕ್ಕೊ ನಾಡುಗಳಲ್ಲಿ ವಿರಳ. ಪುತ್ತೂರಿನ ಹೆಚ್ಚುಗಾರಿಕೆ ಇಲ್ಲಿದೆ.

ಅಮೆಜಾನ್‌ನಿಂದ ಅಡಿಕೆ ತೋಟಕ್ಕೆ

ಕೊಕ್ಕೊ ಮರದ ಮೂಲ ನೆಲೆ ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. 1753ರಲ್ಲಿ ಲಿನೇಯಸ್ ಇದಕ್ಕೆ ಥಿಯೋಬ್ರೋಮ ಕಕಾವೊ ಎಂಬ ಶಾಸ್ತ್ರೀಯ ಹೆಸರು ಕೊಟ್ಟ. ಇದರಲ್ಲಿ ಮೂರು ಮುಖ್ಯ ವರ್ಗಗಳನ್ನು ಗುರುತಿಸುವುದು ವಾಡಿಕೆ. ಕ್ರಿಯೊಲ್ಲೊ ಪರಿಮಳಕ್ಕೆ ಹೆಸರಾದರೂ ರೋಗಕ್ಕೆ ಬೇಗ ಬಲಿಯಾಗುತ್ತದೆ. ಫೊರಾಸ್ಟೆರೊ ಗಟ್ಟಿಮುಟ್ಟಾದದ್ದು, ಹೆಚ್ಚು ಇಳುವರಿ ಕೊಡುವಂಥದ್ದು. ಇವೆರಡೂ ಬೆರೆತು ಹುಟ್ಟಿದ್ದು ಟ್ರಿನಿಟಾರಿಯೊ. ಈ ಮೂರನೆಯದರ ತವರು ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್. ಅಲ್ಲಿನ ಕ್ರಿಯೊಲ್ಲೊ ತೋಟಗಳು 1727ರ ಸುಮಾರಿಗೆ ನಾಶವಾದವು. ಆಮೇಲೆ ತಂದು ನೆಟ್ಟ ಫೊರಾಸ್ಟೆರೊ ಗಿಡಗಳು ಅಳಿದುಳಿದ ಹಳೆಯ ಗಿಡಗಳೊಂದಿಗೆ ಬೆರೆತವು.

ಆ ದ್ವೀಪಕ್ಕೆ ಭಾರತದ ನಂಟೂ ಉಂಟು. 1845ರಿಂದ ಕರಾರು ಕೂಲಿಗಳಾಗಿ ಟ್ರಿನಿಡಾಡ್‌ಗೆ ಹೋದ ಭಾರತೀಯರು ಕಬ್ಬಿನ ಗದ್ದೆಗಳಲ್ಲಿ ದುಡಿದರು. ಅವರಲ್ಲಿ ಹಲವರು ಮುಂದೆ ಕೊಕ್ಕೊ ತೋಟಗಳನ್ನೂ ನೋಡಿಕೊಂಡರು. ಅಲ್ಲಿ ಕೊಕ್ಕೊಗೆ ನೆರಳು ಕೊಡುವುದು ನಮ್ಮ ಕಾಫಿ ತೋಟಗಳ ಹಾಲುವಾಣದ ಜಾತಿಗೇ ಸೇರಿದ ಮರ. ಕೊಕ್ಕೊ ಬೀಜವನ್ನು ಮನೆಯ ಅಟ್ಟದ ಮೇಲೆ ಹರವಿ, ಮಳೆ ಬಂದಾಗ ಸರಿಸಿ ಮುಚ್ಚುವ ಚಾವಣಿಯ ಕೆಳಗೆ ಒಣಗಿಸುತ್ತಾರೆ. ಒಣಗುವಾಗ ಬರಿಗಾಲಲ್ಲಿ ತುಳಿದು ಅದಕ್ಕೆ ಹೊಳಪು ತರುವುದು ಹಳೆಯ ಪದ್ಧತಿ. ಇಷ್ಟೆಲ್ಲ ಕುಶಲತೆಯಿದ್ದರೂ ಬೀಜ ಮೂಟೆಯಾಗಿ ಯುರೋಪಿಗೆ ಹೋಗುತ್ತಿತ್ತು, ಚಾಕೊಲೇಟಿನ ಲಾಭವೂ ಅಲ್ಲಿಯೇ ಉಳಿಯುತ್ತಿತ್ತು. ಪಕ್ಕದ ಗ್ರೆನಡಾ ದ್ವೀಪದ ಹರ್ಮಿಟೇಜ್ ಎಂಬ ಹಳ್ಳಿಯಲ್ಲಿ ಬೆಳೆಗಾರರ ಜೊತೆಗೂಡಿ ನಡೆಯುವ ಸಣ್ಣ ಚಾಕೊಲೇಟ್ ಕಂಪನಿ ಶುರುವಾದದ್ದು 1999ರಲ್ಲಿ. ಪುತ್ತೂರಿನ ಕಾರ್ಖಾನೆ ಅದಕ್ಕಿಂತ 13 ವರ್ಷ ಹಿರಿಯದು.

ಭಾರತಕ್ಕೆ ಕೊಕ್ಕೊ ಮೊದಲು ಬಂದದ್ದು 1798ರಲ್ಲಿ, ಈಗಿನ ತಮಿಳುನಾಡಿನ ಕುಟ್ರಾಲಂಗೆ. ಆದರೆ ಅದು ಬೆಳೆಯಾಗಿ ನೆಲೆ ಕಂಡದ್ದು 20ನೇ ಶತಮಾನದ ಅರವತ್ತರ ದಶಕದ ನಂತರ. ಕ್ಯಾಡ್‌ಬರಿ ಕಂಪನಿ ವಯನಾಡಿನಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿತು. ಎಪ್ಪತ್ತರ ದಶಕದಲ್ಲಿ ಕೇರಳ ಮತ್ತು ದಕ್ಷಿಣ ಕನ್ನಡದ ರೈತರು ಅಡಿಕೆ, ತೆಂಗಿನ ತೋಟಗಳ ನಡುವೆ ಕೊಕ್ಕೊ ನೆಟ್ಟರು. ಪುತ್ತೂರಿಗೆ ಸಮೀಪದ ವಿಟ್ಲದಲ್ಲಿ 1956ರಲ್ಲಿ ಶುರುವಾಗಿದ್ದ ಅಡಿಕೆ ಸಂಶೋಧನಾ ಕೇಂದ್ರ 1970ರಲ್ಲಿ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಅಂದರೆ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರವಾಯಿತು. ಹಲವು ದೇಶಗಳ ಕೊಕ್ಕೊ ತಳಿಗಳನ್ನು ಅಲ್ಲಿ ಕೂಡಿಸಿ, ಅಡಿಕೆ ನೆರಳಿಗೆ ಒಗ್ಗುವ ಮಿಶ್ರತಳಿಗಳನ್ನು ರೂಪಿಸಿದ್ದಾರೆ. ತಳಿಗಳ ಹೆಸರಿನಲ್ಲೇ ವಿಟ್ಲದ ಗುರುತು ಇದೆ.

ಕ್ಯಾಂಪ್ಕೊ ಹುಟ್ಟು

1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದರು. ಅವರನ್ನು ಒಗ್ಗೂಡಿಸಲು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೇಂದ್ರೀಯ ಅಡಿಕೆ ಮತ್ತು ಕೊಕ್ಕೊ ಮಾರಾಟ ಹಾಗೂ ಸಂಸ್ಕರಣ ಸಹಕಾರ ಸಂಘ ಎಂಬುದು ಅದರ ಪೂರ್ಣ ಹೆಸರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು.

ಎಪ್ಪತ್ತರ ದಶಕದ ಕೊನೆಗೆ ಕೊಕ್ಕೊಗೂ ಅದೇ ಗತಿ ಬಂತು. ಗಿಡಗಳು ಫಲ ಕೊಡತೊಡಗಿದ ಹೊತ್ತಿಗೆ ಜಾಗತಿಕ ಬೆಲೆ ಇಳಿಯಿತು. ಖಾಸಗಿ ಖರೀದಿದಾರರು ಹಿಂದೆ ಸರಿದರು. ಅಡಿಕೆಯನ್ನಾದರೆ ಒಣಗಿಸಿ ಒಳ್ಳೆಯ ಧಾರಣೆ ಬರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಕೊಕ್ಕೊದ ಹಸಿ ಬೀಜ ಒಂದೆರಡು ದಿನವೂ ಕಾಯುವುದಿಲ್ಲ. ಕೊಳ್ಳುವವರಿಲ್ಲದೆ ಹಲವರು ಗಿಡಗಳನ್ನು ಕಡಿದುಹಾಕಿದರು. ಎರಡು ರಾಜ್ಯಗಳ ಸರ್ಕಾರಗಳ ಕೋರಿಕೆಯಂತೆ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಬೇರೆಯವರಿಗೆ ಮಾರುವುದಷ್ಟೇ ಆದರೆ ಮತ್ತೆ ಅವರ ಬೆಲೆಗೇ ಕಟ್ಟುಬೀಳಬೇಕು. ಸ್ವಂತ ಕಾರ್ಖಾನೆಯ ನಿರ್ಧಾರ ಹೀಗೆ ಹುಟ್ಟಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಪುತ್ತೂರಿನ ಕಾರ್ಖಾನೆಯನ್ನು ಉದ್ಘಾಟಿಸಿದರು.

ತೋಟದಲ್ಲಿ

ಅಡಿಕೆ ಮರಗಳನ್ನು 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಕೊಕ್ಕೊ ಕೂರಿಸುತ್ತಾರೆ. ಲೆಕ್ಕ ಹಾಕಿದರೆ ಹೆಕ್ಟೇರಿಗೆ 680ರಷ್ಟು ಗಿಡ. ಅಡಿಕೆಯ ಗರಿಗಳ ನಡುವೆ ಸೋಸಿ ಬರುವ ಬಿಸಿಲು ಕೊಕ್ಕೊಗೆ ಸಾಕು. ಉದುರಿದ ಎಲೆ ದಪ್ಪ ಹೊದಿಕೆಯಾಗಿ ನೆಲದ ತೇವ ಕಾಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಎತ್ತರಕ್ಕೆ ಹೋಗಿ ಅಡಿಕೆಗೆ ಅಡ್ಡಿಯಾಗುತ್ತದೆ. ಮೊದಲ ಕವಲಿನ ಮೇಲೆ ಎದ್ದ ಚಿಗುರನ್ನು ತೆಗೆದು ಕೊಡೆಯಾಕಾರಕ್ಕೆ ಸವರಿ ಇಡುವುದು ಕೊಕ್ಕೊ ಕೃಷಿಯ ಮುಖ್ಯ ಕೆಲಸ.

ಹೂವು ಬಿಡುವುದು ರೆಂಬೆಯ ತುದಿಯಲ್ಲಲ್ಲ, ಹಲಸಿನಂತೆ ಕಾಂಡದ ಮೇಲೆಯೇ. ಸಾವಿರಾರು ಹೂವು ಅರಳಿದರೂ ಕಾಯಿಗಟ್ಟುವುದು ನೂರಕ್ಕೆ ಐದೂ ಇಲ್ಲ. ಪರಾಗಸ್ಪರ್ಶ ಮಾಡುವುದು ಕೊಳೆತ ಎಲೆಗಳ ನಡುವೆ ಬದುಕುವ ಅತಿ ಸಣ್ಣ ನೊಣಗಳು. ತೋಟದ ನೆಲವನ್ನು ತೀರ ಚೊಕ್ಕಟಮಾಡಿದರೆ ಇವುಗಳ ಮನೆಯೇ ಹೋಗುತ್ತದೆ. ಕಾಯಿ ಹಣ್ಣಾಗಲು ಐದಾರು ತಿಂಗಳು ಬೇಕು. ಮೂರನೇ ವರ್ಷ ಫಲ ಶುರುವಾಗಿ, ಚೆನ್ನಾಗಿ ನೋಡಿಕೊಂಡ ಮರ ವರ್ಷಕ್ಕೆ ಒಂದರಿಂದ ಎರಡು ಕಿಲೋ ಒಣ ಬೀಜ ಕೊಡುತ್ತದೆ.

ಅಳಿಲು, ಇಲಿಗಳು ಕಾಯಿ ಕೊರೆದು ಸಿಹಿ ಲೋಳೆಯನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯುವ ರೋಗ ಕಾಡುತ್ತದೆ. ಅದಕ್ಕೆ ಕಾರಣವಾದ ಜೀವಿ ಅಡಿಕೆಯ ಕೊಳೆರೋಗ ತರುವ ಜೀವಿಯ ಹತ್ತಿರದ ಸಂಬಂಧಿ. ಎರಡಕ್ಕೂ ರೈತರು ಬಳಸುವುದು ಶೇ 1ರ ಬೋರ್ಡೊ ದ್ರಾವಣ. ಹಣ್ಣನ್ನು ಕೈಯಲ್ಲಿ ಜಗ್ಗಿ ಕೀಳಬಾರದು, ಕತ್ತಿಯಿಂದ ತೊಟ್ಟು ಕತ್ತರಿಸಬೇಕು. ಜಗ್ಗಿದರೆ ಮುಂದಿನ ಹೂವು ಹೊರಡುವ ಗಂಟಿಗೇ ಗಾಯವಾಗುತ್ತದೆ.

ಹುದುಗು, ಬಿಸಿಲು

ಹಣ್ಣು ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿದ 30ರಿಂದ 45 ಬೀಜ. ಹಸಿ ಬೀಜ ಕಹಿ, ಒಗರು. ಅದರಲ್ಲಿ ಚಾಕೊಲೇಟಿನ ವಾಸನೆ ಎಳ್ಳಷ್ಟೂ ಇರುವುದಿಲ್ಲ. ಆ ಪರಿಮಳದ ಬೇರು ಹುದುಗಿನಲ್ಲಿದೆ. ಬೀಜವನ್ನು ಬುಟ್ಟಿಯಲ್ಲೋ ಮರದ ಪೆಟ್ಟಿಗೆಯಲ್ಲೋ ತುಂಬಿ ಬಾಳೆಲೆ, ಗೋಣಿಚೀಲ ಮುಚ್ಚುತ್ತಾರೆ. ಮೊದಲು ಲೋಳೆಯ ಸಕ್ಕರೆ ಯೀಸ್ಟ್‌ನಿಂದ ಮದ್ಯಸಾರವಾಗುತ್ತದೆ, ಬಳಿಕ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸುತ್ತವೆ. ರಾಶಿಯ ಬಿಸಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಬೀಜದ ಮೊಳಕೆ ಸಾಯುತ್ತದೆ, ಒಗರು ತಗ್ಗುತ್ತದೆ, ಮುಂದೆ ಹುರಿದಾಗ ಪರಿಮಳವಾಗುವ ಪದಾರ್ಥಗಳು ಒಳಗೆ ಕೂಡಿಕೊಳ್ಳುತ್ತವೆ. ಮೂರನೇ ಮತ್ತು ಐದನೇ ದಿನ ರಾಶಿ ಮಗುಚಬೇಕು. ಆರೇಳು ದಿನಕ್ಕೆ ಕೆಲಸ ಮುಗಿಯುತ್ತದೆ. ಆಮೇಲೆ ತೇವಾಂಶ ಶೇ 6–7ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಸುಮಾರು ಮೂರು ಕಿಲೋ ಹಸಿ ಬೀಜ ಒಣಗಿ ಒಂದು ಕಿಲೋ ಆಗುತ್ತದೆ.

ಕರಾವಳಿಯಲ್ಲಿ ಕೊಯ್ಲಿನ ಒಂದು ದೊಡ್ಡ ಪಾಲು ಮುಂಗಾರಿನ ಹೊಸ್ತಿಲಲ್ಲೇ ಬರುತ್ತದೆ. ಮಳೆಯಲ್ಲಿ ಅಂಗಳದ ಬಿಸಿಲನ್ನು ನಂಬಲಾಗದು. ಹೀಗಾಗಿ ಬೆಳೆಗಾರರಲ್ಲಿ ಬಹಳಷ್ಟು ಮಂದಿ ಹಸಿ ಬೀಜವನ್ನೇ ಖರೀದಿ ಕೇಂದ್ರಕ್ಕೆ ಕೊಡುತ್ತಾರೆ. ಹುದುಗು, ಒಣಗಿಸುವಿಕೆಯ ಹೊಣೆ ಕೊಂಡವರದು. ಒಂದೇ ಕಡೆ ದೊಡ್ಡ ಪ್ರಮಾಣದಲ್ಲಿ ಹುದುಗು ಬಂದರೆ ಗುಣಮಟ್ಟವೂ ಒಂದೇ ಸಮ ಇರುತ್ತದೆ.

ಕಾರ್ಖಾನೆಯಲ್ಲಿ

ಒಣ ಬೀಜವನ್ನು ಶುಚಿಮಾಡಿ, ಹುರಿದು, ಒಡೆದು, ಗಾಳಿಗೆ ಹೊಟ್ಟು ಹಾರಿಸುತ್ತಾರೆ. ಉಳಿದ ತಿರುಳಿನಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬು. ಅರೆಯುವಾಗಿನ ಬಿಸಿಗೆ ಆ ಕೊಬ್ಬು ಕರಗಿ, ತಿರುಳೆಲ್ಲ ಗಾಢ ಕಂದು ದ್ರವವಾಗುತ್ತದೆ. ಅದನ್ನು ಒತ್ತುಯಂತ್ರಕ್ಕೆ ಹಾಕಿದರೆ ಒಂದು ಕಡೆ ಕೊಕ್ಕೊ ಬೆಣ್ಣೆ, ಇನ್ನೊಂದು ಕಡೆ ಹಿಂಡಿ. ಹಿಂಡಿ ಪುಡಿಯಾದರೆ ಬೇಕರಿ, ಐಸ್‌ಕ್ರೀಮ್, ಪಾನೀಯಗಳಿಗೆ ಬೇಕಾಗುವ ಕೊಕ್ಕೊ ಪುಡಿ. ಈ ಒತ್ತುವ ವಿದ್ಯೆ 1828ರಲ್ಲಿ ನೆದರ್‌ಲೆಂಡ್ಸ್‌ನ ವಾನ್ ಹೌಟನ್ ಮನೆತನದ ಕೊಡುಗೆ.

ಚಾಕೊಲೇಟಿಗೆ ಅರೆದ ಕೊಕ್ಕೊ, ಕೊಕ್ಕೊ ಬೆಣ್ಣೆ, ಸಕ್ಕರೆ, ಹಾಲಿನ ಪುಡಿ ಬೆರೆಸಿ ನುಣ್ಣಗೆ ಅರೆದು, ಗಂಟೆಗಟ್ಟಲೆ ಬಿಸಿಯಲ್ಲಿ ಕಲಸುತ್ತಾರೆ. ಉಳಿದ ಹುಳಿ ಆವಿಯಾಗಿ ಹೋಗುವುದು ಈ ಹಂತದಲ್ಲಿ. ಸ್ವಿಟ್ಜರ್‌ಲೆಂಡಿನ ರೊಡಾಲ್ಫ್ ಲಿಂಟ್ 1879ರಲ್ಲಿ ಇದನ್ನು ಕಂಡುಹಿಡಿದ. ಕೊನೆಗೆ ಬಿಸಿಯನ್ನು ಹದವರಿತು ಇಳಿಸಿ, ಸ್ವಲ್ಪ ಏರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಈ ಹದ ಕೂಡಿಬಂದರೆ ಮಾತ್ರ ಬಾರ್ ಹೊಳೆಯುತ್ತದೆ, ಮುರಿದಾಗ ಟಕ್ಕೆನ್ನುತ್ತದೆ. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ಬಾಯಿಯಲ್ಲಿ ಅದು ನೀರಾಗುವುದಕ್ಕೂ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅಂಗಡಿಯಲ್ಲೇ ಮೆತ್ತಗಾಗುವುದಕ್ಕೂ ಇದೇ ಕಾರಣ. ಕ್ಯಾಂಪ್ಕೊ ಬಾರ್, ಮೆಲ್ಟೊ, ಕುಡಿಯುವ ಚಾಕೊಲೇಟ್ ಪುಡಿ ವಿನ್ನರ್ ಮೊದಲಾದವು ಇಲ್ಲಿಂದ ಬರುತ್ತವೆ.

ಬೆಲೆಯ ಏರಿಳಿತ

ಪ್ರಪಂಚದ ಅರ್ಧಕ್ಕೂ ಹೆಚ್ಚು ಕೊಕ್ಕೊ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾಗಳಿಂದ ಬರುತ್ತದೆ. ಅಲ್ಲಿ ರೋಗ ಮತ್ತು ಹವಾಮಾನದ ಹೊಡೆತಕ್ಕೆ ಇಳುವರಿ ಕುಸಿದಾಗ, 2024ರಲ್ಲಿ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಪುತ್ತೂರಿನಲ್ಲಿ ಹಸಿ ಬೀಜದ ಧಾರಣೆಯೂ ಹಲವು ಪಟ್ಟು ಏರಿ, ಮರೆತ ಗಿಡಗಳಿಗೆ ಮತ್ತೆ ಆರೈಕೆ ಸಿಕ್ಕಿತು. ಮರುವರ್ಷ ಬೆಲೆ ಇಳಿಯಿತು. ಇಂಥ ಏರಿಳಿತ ಕೊಕ್ಕೊಗೆ ಹೊಸದಲ್ಲ. ಅದನ್ನು ತಾಳಿಕೊಳ್ಳುವ ಶಕ್ತಿ ಬೆಳೆಗಾರನಿಗೆ ಬರುವುದು ಎರಡು ಕಾರಣದಿಂದ: ತೋಟದ ಮುಖ್ಯ ಆದಾಯ ಅಡಿಕೆಯಿಂದ ಬರುತ್ತದೆ, ಬೆಲೆ ಇಳಿದಾಗಲೂ ಬೀಜ ಕೊಳ್ಳುವ ತನ್ನದೇ ಸಂಸ್ಥೆ ಪಕ್ಕದಲ್ಲಿದೆ. ಭಾರತ ತನಗೆ ಬೇಕಾದ ಕೊಕ್ಕೊದ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುತ್ತಿರುವುದರಿಂದ ಒಳನಾಡಿನ ಬೇಡಿಕೆಗೂ ಕೊರತೆಯಿಲ್ಲ.

ಭದ್ರಾ ನಾಲೆಯ ಸೀಮೆಗೆ

ದಾವಣಗೆರೆ, ಹರಿಹರದಿಂದ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಘಟ್ಟ ಇಳಿದರೆ ಮಂಗಳೂರಿನ ಮೂಲಕ ಪುತ್ತೂರು ತಲುಪಬಹುದು. ಮಂಗಳೂರು–ಹಾಸನ ಮಾರ್ಗದ ಕಬಕ ಪುತ್ತೂರು ನಿಲ್ದಾಣದಲ್ಲಿ ರೈಲಿಳಿಯಲೂ ಆಗುತ್ತದೆ. ಮಹಾಲಿಂಗೇಶ್ವರ ದೇವಸ್ಥಾನ, ಶಿವರಾಮ ಕಾರಂತರು ದಶಕಗಳ ಕಾಲ ನೆಲೆಸಿದ್ದ ಬಾಲವನ ಅಲ್ಲಿ ನೋಡಬೇಕಾದ ತಾಣಗಳು. ಆದರೆ ಚನ್ನಗಿರಿ, ಹೊನ್ನಾಳಿ ಕಡೆಯ ಬೆಳೆಗಾರರಿಗೆ ಹೆಚ್ಚು ಉಪಯೋಗವಾಗುವುದು ಅಲ್ಲಿನ ತೋಟಗಳು ಮತ್ತು ವಿಟ್ಲದ ಕೇಂದ್ರ.

ಎರಡೂ ಸೀಮೆಗಳು ಅಡಿಕೆಯವೇ ಆದರೂ ರೀತಿ ಬೇರೆ. ಪುತ್ತೂರಿನವರು ಹಣ್ಣಡಿಕೆಯನ್ನು ಒಣಗಿಸಿ ಸುಲಿದು ಚಾಲಿ ಮಾಡುತ್ತಾರೆ. ಚನ್ನಗಿರಿಯವರು ಹಸಿ ಅಡಿಕೆ ಸುಲಿದು, ಬೇಯಿಸಿ, ಕೆಂಪಡಿಕೆ ಮಾಡುತ್ತಾರೆ. ಭದ್ರಾ ನೀರು ಮತ್ತು ಕೊಳವೆಬಾವಿಗಳ ಬಲದಿಂದ ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತದ ಗದ್ದೆಗಳಿಗೂ ಅಡಿಕೆ ಬರುತ್ತಿದೆ. ಒಂದೇ ಬೆಳೆಯನ್ನು ನೆಚ್ಚಿಕೊಂಡ ತೋಟಕ್ಕೆ ಧಾರಣೆ ಕುಸಿದಾಗ ಬೇರೆ ಆಸರೆ ಇರುವುದಿಲ್ಲ. ಮಿಶ್ರಬೆಳೆಯಾಗಿ ಕೊಕ್ಕೊ ಒಂದು ದಾರಿ. ಬಯಲುಸೀಮೆಯ ಕಡಿಮೆ ಮಳೆ ಅದಕ್ಕೆ ಸಾಲದು. ಬೇಸಿಗೆಯಲ್ಲಿ ಹನಿ ನೀರಾವರಿ, ಬಿಸಿಗಾಳಿಗೆ ತಡೆ, ನೀರು ನಿಲ್ಲದ ಆಳವಾದ ಮಣ್ಣು ಬೇಕೇಬೇಕು. ಇವಿದ್ದರೆ ಬಯಲಲ್ಲೂ ಕೊಕ್ಕೊ ಬರುತ್ತದೆ ಎಂಬುದಕ್ಕೆ ಗೋದಾವರಿ ಜಿಲ್ಲೆಗಳ ತೆಂಗಿನ ತೋಟಗಳು ಸಾಕ್ಷಿ. ಇಂದು ದೇಶದಲ್ಲಿ ಕೊಕ್ಕೊ ಉತ್ಪಾದನೆಯಲ್ಲಿ ಮೊದಲ ಸ್ಥಾನ ಆಂಧ್ರಪ್ರದೇಶದ್ದು.

ಹತ್ತಿ ಬೆಳೆಯುವ ಸೀಮೆಯಲ್ಲೇ ಗಿರಣಿಗಳು ಎದ್ದು ಬೆಳೆದ ಊರು ದಾವಣಗೆರೆ. ಬೆಳೆಯೂ ಯಂತ್ರವೂ ಅಕ್ಕಪಕ್ಕ ಇದ್ದರೆ ಊರಿಗೆ ಏನು ದಕ್ಕುತ್ತದೆ ಎಂಬುದನ್ನು ಅದಕ್ಕೆ ಹೊಸದಾಗಿ ಹೇಳಬೇಕಿಲ್ಲ. ಕೊಕ್ಕೊ ವಿಷಯದಲ್ಲಿ ಪುತ್ತೂರಿನ ಅನುಭವ ತೋರಿಸುವ ಕ್ರಮವೂ ಇದೇ: ಹಸಿ ಬೀಜವನ್ನು ಅಂದಂದೇ ಕೊಳ್ಳುವ, ಹುದುಗು ಹಾಕುವ ವ್ಯವಸ್ಥೆ ತೋಟಕ್ಕೆ ಹತ್ತಿರದಲ್ಲಿರಬೇಕು. ಹತ್ತಾರು ಬೆಳೆಗಾರರು ಕೂಡಿ ಅದನ್ನು ಮೊದಲು ಖಾತ್ರಿ ಮಾಡಿಕೊಂಡು, ಮಣ್ಣು ನೀರು ಪರೀಕ್ಷಿಸಿ, ಆಮೇಲೆ ಗಿಡ ನೆಟ್ಟರೆ ಎಪ್ಪತ್ತರ ದಶಕದ ಕೊನೆಯಲ್ಲಿ ಕರಾವಳಿಯ ರೈತರು ಉಂಡ ನಷ್ಟ ಈ ಸೀಮೆಯವರಿಗೆ ಬಾರದು.